ರೆಡ್ ನೋಸ್ ಪಿಟ್ ಬುಲ್ ಮರಿ: ಮೂಗು ನೋಡಿ ದುಡ್ಡು ಕೊಡಬೇಕಾ?

ಪ್ರಶ್ನೆ (ಸಿದ್ದಾಪುರದ ಹತ್ತಿರದ ತೋಟದಿಂದ):
ನಮಸ್ಕಾರ ಡಾಕ್ಟ್ರೇ. ಹೋದ ವರ್ಷ ಕಣದಿಂದ ಎರಡು ಮೂಟೆ ಕಾಫಿ ಕಳುವಾಯಿತು. ಕಾವಲಿಗೆ ಒಂದು ಪಿಟ್ ಬುಲ್ ಮರಿ ತರೋಣ ಅಂತಿದ್ದೇವೆ. ಮೈಸೂರಿನಲ್ಲಿ ಒಬ್ಬರು ಮರಿ ತೋರಿಸಿದ್ದಾರೆ. ಕಪ್ಪು ಮೂಗಿಗೆ ಒಂದು ರೇಟು, ರೆಡ್ ನೋಸ್‌ಗೆ ಒಂದೂವರೆ ಪಟ್ಟು, ಬ್ಲೂ ನೋಸ್‌ಗೆ ಡಬಲ್. ರೆಡ್ ನೋಸೇ ಅಸಲಿ, ಅದೇ ಜಾಸ್ತಿ ಖಡಕ್ ಅಂತಾರೆ. ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ತಳಿ ನೋಂದಣಿಯ ಪೇಪರೂ ಕೊಡ್ತಾರಂತೆ. ಮನೆಯಲ್ಲಿ ಏಳು ವರ್ಷದ ಮಗಳಿದ್ದಾಳೆ. ಯಾವ ಮೂಗಿನದು ತರಲಿ?

ಉತ್ತರ (ಪಶುವೈದ್ಯರು):
ಮೂಗಿನ ಬಣ್ಣಕ್ಕೂ ಗುಣಕ್ಕೂ ಸಂಬಂಧ ಇಲ್ಲ. ಮೈಯಲ್ಲಿರುವ ಕಪ್ಪು ಬಣ್ಣವನ್ನು ಕಂದಾಗಿಸುವ ಒಂದು ಜೀನ್ ಇದೆ. ಅದು ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಮೂಗು ಕೆಂಪುಗಂದು ಆಗುತ್ತದೆ. ಹಾಗಾಗಿ ಅಪ್ಪ ಅಮ್ಮ ಎರಡೂ ಕಪ್ಪು ಮೂಗಿನವಾದರೂ ರೆಡ್ ನೋಸ್ ಮರಿ ಹುಟ್ಟಬಹುದು. ಬ್ಲೂ ನೋಸ್ ಇನ್ನೊಂದು ಜೀನಿನ ಕೆಲಸ, ಅದು ಕಪ್ಪನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಅಷ್ಟೇ.

'ಅಸಲಿ' ಅನ್ನೋ ಮಾತು ಎಲ್ಲಿಂದ ಬಂತು ಅಂದರೆ, ಐರ್ಲೆಂಡಿನಿಂದ ಅಮೆರಿಕಕ್ಕೆ ಹೋದ ನಾಯಿಗಳ ಒಂದು ಹಳೇ ವಂಶಕ್ಕೆ 'ಓಲ್ಡ್ ಫ್ಯಾಮಿಲಿ ರೆಡ್ ನೋಸ್' ಅನ್ನುವ ಹೆಸರಿತ್ತು. ಈಗ ಮೂಗು ಕೆಂಪಗಿರುವ ಮರಿಗೆಲ್ಲ ಆ ಹೆಸರು ಅಂಟಿಸಿ ಮಾರುತ್ತಾರೆ. ವಂಶ ಬೇರೆ, ಬಣ್ಣ ಬೇರೆ.

ಪೇಪರ್ ವಿಷಯದಲ್ಲಿ ನನಗೆ ನಗು ಬಂತು. ಅಮೆರಿಕನ್ ಪಿಟ್ ಬುಲ್ ಟೆರಿಯರನ್ನು ದಾಖಲಿಸುವುದು ಅಮೆರಿಕದ ಯುಕೆಸಿ (ಯುನೈಟೆಡ್ ಕೆನಲ್ ಕ್ಲಬ್). 1898ರಲ್ಲಿ ಆ ಸಂಸ್ಥೆ ಶುರುವಾಗಿದ್ದೇ ಈ ತಳಿಯಿಂದ. ಅವರ ನಿಯಮದಲ್ಲಿ ಮೂಗು ಯಾವ ಬಣ್ಣವಾದರೂ ಸರಿ. ಆದರೆ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಸಿಐ ಪಟ್ಟಿಯಲ್ಲಿ ಪಿಟ್ ಬುಲ್ ಇಲ್ಲವೇ ಇಲ್ಲ. ಅಲ್ಲಿರುವುದು ಅದರ ದಾಯಾದಿ, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್. ನಮ್ಮ ಕೆಸಿಐ ಪೇಪರ್ ಸಿಗುವುದೂ ಅದಕ್ಕೇ. ಆ ತಳಿಯ ನಿಯಮದಲ್ಲಿ ಮೂಗು ಖಡಾಖಂಡಿತ ಕಪ್ಪೇ ಇರಬೇಕು. ಅಂದರೆ ನಿಮಗೆ ಮರಿ ತೋರಿಸಿದವರು ಒಂದು ಕೈಯಲ್ಲಿ ಕಪ್ಪು ಮೂಗು ಬೇಕೆನ್ನುವ ತಳಿಯ ಪೇಪರ್, ಇನ್ನೊಂದು ಕೈಯಲ್ಲಿ ಕೆಂಪು ಮೂಗಿನ ಮರಿ ಹಿಡಿದು ನಿಮ್ಮಿಂದ ಒಂದೂವರೆ ಪಟ್ಟು ಕೇಳುತ್ತಿದ್ದಾರೆ.

ಪ್ರಶ್ನೆ (ಅವರೇ):
ಅಯ್ಯೋ, ಇಷ್ಟೆಲ್ಲ ಇದೆಯಾ! ರೆಡ್ ನೋಸ್ ಅಂತ ತೋರಿಸಿದ ಮರಿಯ ಮೈಮೇಲೆ ಹುಲಿ ಥರ ಕಪ್ಪು ಪಟ್ಟೆ ಇದೆ. ಮೂಗು ಗುಲಾಬಿ. ವಯಸ್ಸು ಒಂದು ತಿಂಗಳೂ ಆಗಿಲ್ಲ.

ಉತ್ತರ:
ಹಾಗಾದರೆ ಅದು ರೆಡ್ ನೋಸೇ ಅಲ್ಲ. ಕಂದು ಜೀನ್ ಇದ್ದರೆ ಮೈಮೇಲೆ ಒಂದು ಕಪ್ಪು ಕೂದಲೂ ಇರುವುದಿಲ್ಲ, ಪಟ್ಟೆಗಳೂ ಚಾಕೊಲೇಟ್ ಬಣ್ಣದಲ್ಲೇ ಇರುತ್ತವೆ. ಮರಿಯ ತುಟಿ ಎತ್ತಿ ನೋಡಿ, ಕಣ್ಣಿನ ಅಂಚು ನೋಡಿ, ಪಾದ ತಿರುಗಿಸಿ ನೋಡಿ. ಅಲ್ಲೆಲ್ಲಾದರೂ ಕಪ್ಪಿನ ಸುಳಿವಿದ್ದರೆ ಮುಗೀತು, ರೆಡ್ ನೋಸ್ ಅಲ್ಲ. ಎಷ್ಟೋ ಮರಿಗಳ ಮೂಗು ಹುಟ್ಟುವಾಗ ಗುಲಾಬಿಯೇ, ವಾರ ಕಳೆದಂತೆ ಕಪ್ಪಾಗುತ್ತದೆ. ನಿಮ್ಮ 'ರೆಡ್ ನೋಸ್' ಮಳೆಗಾಲದ ಹೊತ್ತಿಗೆ ಬ್ಲ್ಯಾಕ್ ನೋಸ್ ಆಗಿರುತ್ತದೆ! ಇನ್ನೊಂದು, ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. 2017ರ ಕೇಂದ್ರದ ನಿಯಮ ಅದು.

ಬ್ಲೂಗೆ ಡಬಲ್ ಕೊಡುವ ಮುಂಚೆ ಒಂದು ಮಾತು. ಆ ಬಣ್ಣದ ಕೆಲವು ನಾಯಿಗಳಿಗೆ ಬೆನ್ನಿನ ಕೂದಲು ಉದುರಿ ಚರ್ಮ ಒಣಗುವ ಕಾಯಿಲೆ ಬರುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ. ನಮ್ಮ ಮಳೆಯಲ್ಲಿ ಅಂಥ ಚರ್ಮ ನೋಡಿಕೊಳ್ಳುವುದು ಸುಲಭ ಅಲ್ಲ.

ಪ್ರಶ್ನೆ (ಸೋಮವಾರಪೇಟೆಯಿಂದ ಇನ್ನೊಬ್ಬರು):
ಸರ್, ಪಿಟ್ ಬುಲ್ ಬ್ಯಾನ್ ಆಗಿದೆ ಅಂತ ಕೇಳಿದ್ದೆ. ಸಾಕಬಹುದಾ?

ಉತ್ತರ:
2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮಾರಾಟ, ಸಂತಾನ ನಿಲ್ಲಿಸಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಪಿಟ್ ಬುಲ್ ಅದರಲ್ಲಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಸರಿಯಲ್ಲ ಅಂತ. ನಿಯಮ ಮತ್ತೆ ಬದಲಾಗಬಹುದು. ತರುವ ಮುಂಚೆ ನಿಮ್ಮ ಪಂಚಾಯಿತಿಯಲ್ಲೋ ಪಶು ಆಸ್ಪತ್ರೆಯಲ್ಲೋ ಒಮ್ಮೆ ಕೇಳಿ. ನಾಯಿ ಕಚ್ಚಿದರೆ ಹೊಣೆ ಮಾತ್ರ ಯಾವತ್ತೂ ಮಾಲೀಕರದ್ದೇ.

ಪ್ರತಿಕ್ರಿಯೆ (ಗೋಣಿಕೊಪ್ಪಲಿನಿಂದ):
ನಮ್ಮ ಮನೆಯಲ್ಲಿ ಪಿಟ್ ಬುಲ್ ಇದೆ ಡಾಕ್ಟ್ರೇ. ಚಿನ್ನದಂಥ ನಾಯಿ. ಆದರೆ ಕಾವಲು ಗೀವಲು ಏನಿಲ್ಲ. ಗ್ಯಾಸ್ ತಂದುಕೊಡುವವನ ಕಾಲ ಮೇಲೆ ಹೋಗಿ ಮಲಗುತ್ತದೆ.

ಉತ್ತರ:
ನಾನು ಹೇಳಬೇಕೆಂದಿದ್ದು ಇದೇ. ಯುಕೆಸಿ ನಿಯಮದಲ್ಲೇ ಬರೆದಿದ್ದಾರೆ, ಈ ತಳಿ ಅಪರಿಚಿತರಿಗೂ ಜಾಸ್ತಿ ಸ್ನೇಹ ತೋರಿಸುತ್ತದೆ, ಕಾವಲಿಗೆ ಒಳ್ಳೆಯ ಆಯ್ಕೆ ಅಲ್ಲ ಅಂತ. ಮನುಷ್ಯರ ಮೇಲೆ ಏರಿ ಹೋಗುವುದನ್ನು ಅವರು ಒಪ್ಪುವುದೇ ಇಲ್ಲ. ಬೇರೆ ನಾಯಿಗಳ ಮೇಲೆ ಮಾತ್ರ ಸಿಟ್ಟು ಸಾಮಾನ್ಯ ಅಂತಲೂ ಅದರಲ್ಲೇ ಇದೆ.

ಈಗ ಸಿದ್ದಾಪುರದವರು ಯೋಚಿಸಿ. ನಿಮ್ಮ ಲೈನ್ ಮನೆಗಳ (ತೋಟದ ಕೆಲಸದವರ ಮನೆಗಳ) ಹತ್ತಿರ ಎಷ್ಟು ನಾಯಿ ಇವೆ? ದನ, ಕೋಳಿ? ಆನೆ ತೋಟಕ್ಕೆ ಬರುವ ಕಡೆ ಅಲ್ವಾ ನಿಮ್ಮದು? ಬೊಗಳಿಕೊಂಡು ಆನೆ ಹಿಂದೆ ಹೋದ ನಾಯಿ, ಅದು ತಿರುಗಿದಾಗ ಓಡಿ ಬರುವುದು ನಿಮ್ಮ ಹತ್ತಿರವೇ. ಜಗಳಕ್ಕೆ ಬಿದ್ದರೆ ಬಿಡದ ತಳಿಯನ್ನು ತೋಟದಲ್ಲಿ ಸಡಿಲ ಬಿಡುವ ಹಾಗಿಲ್ಲ. ಸರಪಳಿ ಹಾಕಿ ಇಟ್ಟರೆ ಇನ್ನೂ ಕೆಡುತ್ತದೆ. ಕಣಕ್ಕೆ ಲೈಟು, ಸಿಸಿ ಕ್ಯಾಮರಾ ಹಾಕಿ. ಬೊಗಳಿ ಎಬ್ಬಿಸೋಕೆ ಎರಡು ನಾಟಿ ನಾಯಿ ಸಾಕು. ಸುಮ್ನೆ ದುಡ್ಡು ಹಾಳು ಮಾಡಬೇಡಿ.

ಪ್ರಶ್ನೆ (ಸಿದ್ದಾಪುರದವರೇ):
ಕಾವಲು ಬಿಡಿ ಡಾಕ್ಟ್ರೇ. ಮಗಳು ಫೋಟೋ ನೋಡಿ ಆಗಲೇ ಹೆಸರಿಟ್ಟಿದ್ದಾಳೆ. ಮನೆ ನಾಯಿಯಾಗಿ ತಂದರೆ ಏನು ನೋಡಬೇಕು?

ಉತ್ತರ:
ಹೆಸರಿಟ್ಟ ಮೇಲೆ ನಾನೇನು ಹೇಳಲಿ! ಆದರೆ ಆ ಮರಿ ಬೇಡ, ಬೇರೆ ಕಡೆ ಹುಡುಕಿ. ಮರಿಗಿಂತ ಮುಂಚೆ ತಾಯಿಯನ್ನು ನೋಡಿ. ನೀವು ಒಳಗೆ ಹೋದಾಗ ಅದು ಬಾಲ ಆಡಿಸಿಕೊಂಡು ಬರಬೇಕು. ಕೋಣೆಯಲ್ಲಿ ಕೂಡಿಹಾಕಿ 'ತಾಯಿ ಸ್ವಲ್ಪ ಜೋರು' ಅಂದರೆ ವಾಪಸ್ ಬನ್ನಿ. ತಾಯಿಯ ಕಣ್ಣಿನ ಸುತ್ತ, ಮುಂಗಾಲಿನ ಮೇಲೆ ಕೂದಲು ಉದುರಿದ ತೇಪೆ ಇದೆಯಾ ನೋಡಿ. ಡೆಮೊಡೆಕ್ಸ್ ಕಜ್ಜಿ ಈ ತಳಿಯಲ್ಲಿ ಜಾಸ್ತಿ, ತಾಯಿಯಿಂದ ಮರಿಗೆ ದಾಟುತ್ತದೆ. ಗಂಡು ನಾಯಿ ದೊಡ್ಡದಾದರೂ ಸಾಮಾನ್ಯವಾಗಿ 27 ಕೆ.ಜಿ. ಒಳಗೇ ಇರುತ್ತದೆ. '45 ಕೆ.ಜಿ. ಆಗುತ್ತೆ' ಅಂದರೆ ಅದು ಬೆರಕೆ ಇರಬಹುದು.

ತಂದ ಮೇಲೆ ಪಾರ್ವೊ (ಮರಿಗಳಿಗೆ ಬರುವ ವಾಂತಿ-ಭೇದಿಯ ವೈರಸ್ ರೋಗ) ಲಸಿಕೆ 16 ವಾರದವರೆಗೆ ತಪ್ಪಿಸಬೇಡಿ. ಮಳೆಗಾಲಕ್ಕೆ ಮುಂಚೆ ಇಲಿ ಜ್ವರದ ಲಸಿಕೆ ಆಗಿರಲಿ. ಉಣ್ಣಿ ಮಾತ್ರೆ ತಿಂಗಳ ಲೆಕ್ಕದಲ್ಲಿ ಕೊಡಿ, ತೂಕ ನೋಡಿ ನಾನು ಬರೆದುಕೊಡ್ತೇನೆ. ತೋಟದಿಂದ ಬಂದ ಕೂಡಲೇ ಬೆರಳಿನ ಸಂದು ಒರೆಸಿ ಒಣಗಿಸಿ, ಜಿಗಣೆ ಕೂತಿರುವುದೂ ಅಲ್ಲೇ. ಕಿವಿ ಕತ್ತರಿಸಿ ಕೊಡಿ ಅಂತ ಮಾತ್ರ ನನ್ನ ಹತ್ತಿರ ಬರಬೇಡಿ.