ಏಜೆಂಟ್ ಕೈಗೆ ಬ್ರೌಸರ್ ಕೊಟ್ಟವರು ಅನುಭವ ಹೇಳಿ

ಕೇಳಿದವರು: ನಮ್ಮದು ಇಬ್ಬರ ಟೀಮ್, ವ್ಯೂ 3 (ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್) ಆ್ಯಪ್. ನಮ್ಮ ಎಐ ಕೋಡಿಂಗ್ ಏಜೆಂಟ್ ಕೋಡ್ ಓದಿ ಬಗ್ ಊಹಿಸುತ್ತದೆ ಅಷ್ಟೇ, ಪೇಜ್‌ನಲ್ಲಿ ಏನಾಗುತ್ತಿದೆ ಅಂತ ಅದಕ್ಕೆ ಕಾಣಲ್ಲ. ಕನ್ಸೋಲ್ ಎರರ್ ಕಾಪಿ ಮಾಡಿ ಹಾಕಿ ಹಾಕಿ ಸಾಕಾಗಿದೆ. ಏಜೆಂಟ್‌ಗೆ ಕ್ರೋಮ್ ಬ್ರೌಸರನ್ನು ನೋಡಿ ನಡೆಸಲು ಬಿಡುವ ಕ್ರೋಮ್ ಡೆವ್‌ಟೂಲ್ಸ್ ಎಂಸಿಪಿ ಹಾಕಬಹುದಾ?

ಚೆಕ್‌ಔಟ್ ಪೇಜ್‌ನವನು: ಇವತ್ತೇ ಹಾಕಿ. ಅದಿಲ್ಲದೆ ನನ್ನ ಮೂರು ದಿನ ಹಾಳಾಯಿತು. ಕಾರ್ಟ್‌ನಲ್ಲಿ ಒಟ್ಟು ಮೊತ್ತದ ಜಾಗದಲ್ಲಿ ನ್ಯಾನ್ ('ಇದು ಸಂಖ್ಯೆಯಲ್ಲ' ಅನ್ನುವ ಜಾವಾಸ್ಕ್ರಿಪ್ಟ್ ಮೌಲ್ಯ) ಬರುತ್ತಿತ್ತು. ಮೊದಲ ದಿನ ಏಜೆಂಟ್ ಸಿಕ್ಕಸಿಕ್ಕಲ್ಲಿ ನಲ್ (ಖಾಲಿ ಮೌಲ್ಯ) ಚೆಕ್ ತುಂಬಿತು. ಎರಡನೇ ದಿನ ನಂಬರ್ ಫಂಕ್ಷನ್ ತೆಗೆದು ಪಾರ್ಸ್‌ಫ್ಲೋಟ್ ಫಂಕ್ಷನ್ ಹಾಕಿತು, ನ್ಯಾನ್ ಹೋಯಿತು, ಬಿಲ್ 1 ರೂಪಾಯಿ ಆಯಿತು! ಟೆಸ್ಟ್ ಎಲ್ಲ ಪಾಸ್, ಯಾಕಂದ್ರೆ ಮಾಕ್ (ಪರೀಕ್ಷೆಯ ನಕಲಿ) ಡೇಟಾದಲ್ಲಿ ಬರೀ 1250 ಇತ್ತು. ಮೂರನೇ ದಿನ ಸಂಜೆ ಎಂಸಿಪಿ ಜೋಡಿಸಿದೆ. ನೆಟ್‌ವರ್ಕ್ ರೆಸ್ಪಾನ್ಸ್ ತೆಗೆದು ನೋಡಿತು. ಸರ್ವರ್‌ನಿಂದ ಬರುತ್ತಿದ್ದದ್ದು "1,250", ಕಾಮಾ ಸಮೇತ ಸ್ಟ್ರಿಂಗ್ (ಪಠ್ಯ); ಪಾರ್ಸ್‌ಫ್ಲೋಟ್ ಕಾಮಾದಲ್ಲೇ ನಿಂತು 1 ಅಷ್ಟೇ ಓದಿತ್ತು. ನಾಲ್ಕೇ ನಿಮಿಷ ಹಿಡಿಯಿತು.

ಟೋಕನ್ ಲೆಕ್ಕದವಳು: ಖರ್ಚನ್ನು ಯಾಕೆ ಹೇಳಲ್ಲ ನೀವು? ನಾನು ಅದನ್ನೂ ಹಾಕಿದೆ, ಅಂಥದ್ದೇ ಇನ್ನೊಂದು ಟೂಲ್ ಪ್ಲೇರೈಟ್ ಎಂಸಿಪಿಯನ್ನೂ ಹಾಕಿದೆ. ಎರಡರ ಟೂಲ್ ವಿವರಣೆಯೇ ಕಾಂಟೆಕ್ಸ್ಟ್ (ಮಾಡೆಲ್ ಒಮ್ಮೆಗೆ ಓದುವ ಪಠ್ಯ) ತುಂಬುತ್ತದೆ, ಓದಿದ ಟೋಕನ್‌ಗೆಲ್ಲ (ಪಠ್ಯದ ತುಣುಕಿಗೆಲ್ಲ) ದುಡ್ಡು. ನಮ್ಮ ರಿಪೋರ್ಟ್ ಪೇಜ್‌ನಲ್ಲಿ 600 ಸಾಲಿನ ಟೇಬಲ್ ಇದೆ, ಪ್ರತಿ ಕ್ಲಿಕ್‌ಗೂ ಅದರ ಸ್ನ್ಯಾಪ್‌ಶಾಟ್ ಇಡೀ ಬರುತ್ತಿತ್ತು. ಒಂದು ಸಂಜೆಗೆ 2,340 ರೂಪಾಯಿ, ನನ್ನ ಕೈಯಿಂದ. ಕೊನೆಗೆ ಬಗ್ ಏನು ಗೊತ್ತಾ, ಒಂದು ಅವೈಟ್ (ಉತ್ತರ ಬರುವವರೆಗೆ ಕಾಯಲು ಹೇಳುವ ಪದ) ಬಿಟ್ಟುಹೋಗಿತ್ತು. ಈಗ ಬ್ರೌಸರ್ ಕನ್ಸೋಲನ್ನು ಒಂದು ಫೈಲಿಗೆ ಬರೆಸುತ್ತೇನೆ, ಕೊನೆಯ 50 ಸಾಲು ಮಾತ್ರ ಓದು ಅಂತ ಹೇಳಿಟ್ಟಿದ್ದೇನೆ. ಸಾಕು.

ಚೆಕ್‌ಔಟ್ ಪೇಜ್‌ನವನು: ಮೇಡಂ, ಆ ಫೈಲಲ್ಲಿ ನನ್ನ ಕಾಮಾ ಸಿಗುತ್ತಿರಲಿಲ್ಲ. ನ್ಯಾನ್ ಎರರ್ ಎಸೆಯಲ್ಲ, ಕನ್ಸೋಲ್ ಖಾಲಿ ಇತ್ತು.

ಟೋಕನ್ ಲೆಕ್ಕದವಳು: ಒಂದು ಲಾಗ್ ಸಾಲು ಹಾಕಿದ್ದರೆ ಸಿಗುತ್ತಿತ್ತು. ಮೂರು ದಿನದಲ್ಲಿ ನೆಟ್‌ವರ್ಕ್ ಟ್ಯಾಬ್ ಒಮ್ಮೆಯೂ ತೆರೆಯಲಿಲ್ವಾ?

ಸುಟ್ಟುಕೊಂಡವನು: ಜಗಳ ಆಮೇಲೆ ಆಡಿ, ಇದನ್ನು ಓದಿ. ಕ್ರೋಮ್ 136ರಿಂದ ಮಾಮೂಲಿ ಪ್ರೊಫೈಲ್ ಮೇಲೆ ರಿಮೋಟ್ ಡೀಬಗ್ಗಿಂಗ್ ಪೋರ್ಟ್ (ಹೊರಗಿನ ಟೂಲ್ ಬ್ರೌಸರ್ ನಡೆಸುವ ದಾರಿ) ತೆರೆಯಲ್ಲ, ಬೇರೆ ಡೇಟಾ ಫೋಲ್ಡರ್ ಕೊಡಬೇಕು. ಕುಕೀ ಕಳ್ಳತನ ತಡೆಯಲು ಹಾಗೆ ಮಾಡಿದ್ದಾರೆ. ನನಗೆ ಅದು ಗೊತ್ತಾಗಲು ಅರ್ಧ ದಿನ ಹೋಯಿತು. ಆಮೇಲೆ ಹೊಸ ಫೋಲ್ಡರ್ ಕೊಟ್ಟು, ಅದರಲ್ಲೇ ಆಫೀಸ್ ಅಡ್ಮಿನ್ ಅಕೌಂಟ್‌ಗೆ ಲಾಗಿನ್ ಆದೆ. ಬಟನ್ ಕೆಲಸ ಮಾಡುತ್ತಾ ನೋಡು ಅಂತ ಏಜೆಂಟ್‌ಗೆ ಅಂದೆ. ನೋಡಿತು. ಪಕ್ಕದ ಟ್ಯಾಬ್‌ನಲ್ಲಿ ಪ್ರೊಡಕ್ಷನ್ (ಗ್ರಾಹಕರು ಬಳಸುವ ಅಸಲಿ ಸೈಟ್) ತೆರೆದಿತ್ತು, ಬಟನ್ ಅಲ್ಲಿ ಒತ್ತಿತು. 312 ಗ್ರಾಹಕರಿಗೆ ಹಳೇ ಇನ್‌ವಾಯ್ಸ್ ಮತ್ತೆ ಹೋಯಿತು. ಎರಡು ದಿನ ಫೋನ್ ಎತ್ತಿ ಎತ್ತಿ ಕ್ಷಮೆ ಕೇಳಿದೆ.

ಬ್ಯಾಕೆಂಡ್ ಹಳಬ: ಪ್ರೊಡಕ್ಷನ್ ಲಾಗಿನ್ ಕೊಟ್ಟವರು ನೀವು, ಟೂಲ್ ಏನು ಮಾಡೀತು? ಬ್ರೇಕ್‌ಪಾಯಿಂಟ್ ಹಾಕಿ ಕೋಡ್ ನಿಲ್ಲಿಸಿ ಎರಡು ಸಾಲು ಮುಂದೆ ಹೋಗಲು ಯಾರಿಗೂ ತಾಳ್ಮೆ ಇಲ್ಲ ಈಗ. ನಮ್ಮ ಹೊಸ ಹುಡುಗರು ಸ್ಟ್ಯಾಕ್ ಟ್ರೇಸ್ (ಎರರ್ ಕೋಡ್‌ನ ಎಲ್ಲಿಂದ ಬಂತು ಅನ್ನುವ ಪಟ್ಟಿ) ಓದುವುದನ್ನೇ ಬಿಟ್ಟಿದ್ದಾರೆ.

ಸುಟ್ಟುಕೊಂಡವನು: ತಪ್ಪು ನನ್ನದಲ್ಲ ಅಂತ ನಾನೆಲ್ಲಿ ಹೇಳಿದೆ ಸರ್? ಬೇರೆಯವರಿಗೆ ಹೀಗಾಗಬಾರದು ಅಂತ ಬರೆದೆ.

ಹೊಸ ಹುಡುಗಿ: ಬ್ಯಾಕೆಂಡ್ ಸರ್, ನಾನು ಸ್ಟ್ಯಾಕ್ ಟ್ರೇಸ್ ಓದುತ್ತೇನೆ. ಮಿನಿಫೈ ಆದ (ಕುಗ್ಗಿಸಿದ) ಒಂದೇ ಸಾಲಿನ ಫೈಲ್, ಮೂಲ ಕೋಡ್‌ನ ಸಾಲು ತೋರಿಸುವ ಸೋರ್ಸ್‌ಮ್ಯಾಪ್ ಇಲ್ಲ, ಅದನ್ನು ಏನಂತ ಓದಲಿ? ಸೋರ್ಸ್‌ಮ್ಯಾಪ್ ಬಿಲ್ಡ್ ಮಾಡಿಕೊಡಿ ಅಂತ ನಮ್ಮ ಸೀನಿಯರ್‌ಗಳನ್ನು ಕೇಳಿ ಎರಡು ತಿಂಗಳಾಯಿತು.

ಕೇಳಿದವರು: ವ್ಯೂ 3 ಜೊತೆ ಯಾರಾದರೂ ಬಳಸಿದ್ದೀರಾ?