ಆಂಶಿಕ ಭಿನ್ನರಾಶಿ: ಛೇದದಲ್ಲಿ ಎಕ್ಸ್² ಇದ್ದರೆ ಹೇಗೆ ಒಡೆಯಬೇಕು?

ನಮಸ್ಕಾರ. ದ್ವಿತೀಯ ಪಿಯುಸಿಯ ಅನುಕಲನದಲ್ಲಿ ಒಂದೇ ಲೆಕ್ಕ ನಿನ್ನೆ ಸಂಜೆಯಿಂದ ಕಾಡುತ್ತಿದೆ: 1/[ಎಕ್ಸ್²(ಎಕ್ಸ್+1)].

ಇದನ್ನು ಎ/ಎಕ್ಸ್² + ಬಿ/(ಎಕ್ಸ್+1) ಎಂದು ಒಡೆದು, ಛೇದ ಹೋಗಲೆಂದು ಎರಡೂ ಕಡೆ ಎಕ್ಸ್²(ಎಕ್ಸ್+1) ಇಂದ ಗುಣಿಸಿದೆ. ಎಕ್ಸ್‌ಗೆ 0 ಮತ್ತು −1 ಹಾಕಿದಾಗ ಎ, ಬಿ ಎರಡೂ 1 ಬಂದವು. ಖುಷಿಯಾಯಿತು. ಆದರೆ ತಾಳೆ ನೋಡಲು ಎಕ್ಸ್‌ಗೆ 1 ಹಾಕಿದರೆ ಎಡಗಡೆ 1/2, ಬಲಗಡೆ 3/2! ಮೂರು ಬಾರಿ ಮಾಡಿದರೂ ಅದೇ.

ಪುಸ್ತಕದ ಉತ್ತರದಲ್ಲಿ −ಲಾಗ್|ಎಕ್ಸ್| ಕೂಡ ಇದೆ. ಅಂದರೆ ಸಿ/ಎಕ್ಸ್ ಎಂಬ ಇನ್ನೊಂದು ಪದ ಬೇಕು. ‘ಅದು ನಿಯಮ, ಬಾಯಿಪಾಠ ಮಾಡು’ ಎಂದಳು ಗೆಳತಿ. ನನಗೆ ಅಷ್ಟು ಸಾಲದು, ಕಾರಣ ತಿಳಿಯಲೇಬೇಕು.

ಛೇದದಲ್ಲಿ ಎಕ್ಸ್²+1 ಇದ್ದರೆ ಅಂಶದಲ್ಲಿ ‘ಪಿ ಎಕ್ಸ್ + ಕ್ಯೂ’ ಬರೆಯುತ್ತೇವೆ. ಎಕ್ಸ್² ಮೇಲೂ ಹಾಗೆಯೇ ಬರೆದರೆ ತಪ್ಪಾಗುತ್ತದೆಯೇ, ಅಥವಾ ಸಿ/ಎಕ್ಸ್ ಹುಟ್ಟುವುದೇ ಅದರಿಂದಲೇ?