ಸಿಮ್ ಬೇಸ್‌ಬಾಲ್ ಲೀಗ್: ಇಂಜುರಿ ಆನ್ ಇಡಬೇಕಾ, ಆಫ್ ಮಾಡಬೇಕಾ?

ಶಹಾಪುರದವ, ಬೆಳಗಾವಿ:
ನಮಸ್ಕಾರ್ರಿ. ನಾವು ಎಂಟು ಗೆಳೆಯರು ಕಂಪ್ಯೂಟರ್‌ನಲ್ಲಿ ಬೇಸ್‌ಬಾಲ್ ಲೀಗ್ ಶುರು ಮಾಡುತ್ತಿದ್ದೇವೆ. ಹಳೆಯ ಆಟಗಾರರ ಒಂದೊಂದು ಸೀಸನ್ ಆರಿಸಿ ತಂಡ ಕಟ್ಟಬೇಕು, 162 ಪಂದ್ಯ ಆಡಿಸಬೇಕು. ದೀಪಾವಳಿ ರಜೆಯಲ್ಲಿ ಡ್ರಾಫ್ಟ್ (ಸರದಿಯಂತೆ ಆಟಗಾರರನ್ನು ಆರಿಸುವುದು) ಇದೆ. ಆಟಗಾರರಿಗೆ ಗಾಯ ಆಗುವ ಸೆಟ್ಟಿಂಗ್ (ಇಂಜುರಿ) ಆನ್ ಇಡೋಣವಾ? ಮೊದಲ ಪಿಕ್ ನನ್ನದೇ. 1966ರ ಪಿಚರ್ (ಚೆಂಡು ಎಸೆಯುವವ) ಸ್ಯಾಂಡಿ ಕೋಫ್ಯಾಕ್ಸ್ ತಗೊಳ್ಳಲಾ? ಆಡಿದವರು ನಿಮ್ಮ ಅನುಭವ ಹೇಳಿ.

ಗುಮ್ಮಟನಗರಿ, ವಿಜಯಪುರ:
ಆಫ್ ಮಾಡಿ. ನಾನು 2000ನೇ ಇಸವಿಯ ಪೆಡ್ರೊ ಮಾರ್ಟಿನೆಜ್ ತಗೊಂಡಿದ್ದೆ. ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಲೆಕ್ಕಕ್ಕೆ ಬರುವ ರನ್, ಕಡಿಮೆ ಇದ್ದಷ್ಟು ಒಳ್ಳೆಯದು) 1.74! ಆ ವರ್ಷ ಅಮೆರಿಕನ್ ಲೀಗ್‌ನ ಸರಾಸರಿಯೇ 5ರ ಹತ್ತಿರ ಇತ್ತು. ಅವನಿಗೋಸ್ಕರ ಒಬ್ಬ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್), ಒಬ್ಬ ಕ್ಲೋಸರ್ (ಪಂದ್ಯದ ಕೊನೆಗೆ ಬರುವ ಪಿಚರ್), ಜೊತೆಗೆ ಮುಂದಿನ ವರ್ಷದ ಮೊದಲ ಪಿಕ್ ಕೊಟ್ಟೆ. ಆ ಕ್ಲೋಸರ್ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಗಸ್ಟ್‌ವರೆಗೆ ನಮ್ಮ ತಂಡವೇ ಮೇಲೆ. ಆಮೇಲೆ ಪರದೆ ಮೇಲೆ ಒಂದು ಸಾಲು ಬಂತು: ಭುಜಕ್ಕೆ ಗಾಯ, ಈ ಸೀಸನ್ ಆಡುವುದಿಲ್ಲ. ನಾನು ಅವನನ್ನು ದುಡಿಸಿ ಹಾಳು ಮಾಡಿದ್ದರೆ ಒಪ್ಪಬಹುದಿತ್ತು. ನಾಲ್ಕು ದಿನ ಬಿಡುವು ಕೊಟ್ಟೇ ಆಡಿಸುತ್ತಿದ್ದೆ, 100 ಪಿಚ್ (ಎಸೆತ) ದಾಟಲು ಬಿಟ್ಟಿರಲಿಲ್ಲ. ಆದರೂ ಕಂಪ್ಯೂಟರ್ ಸುಮ್ನೆ ಒಂದು ಅಂಕಿ ಎತ್ತಿತು, ಅಷ್ಟೇ. ಪ್ಲೇಆಫ್ ಹೋಯ್ತು. ಮುಂದಿನ ವರ್ಷ ಪಿಕ್ ಇಲ್ಲ, ಕ್ಲೋಸರ್ ಇಲ್ಲ, ಕೊನೆಯ ಸ್ಥಾನ. ಬೇಜಾರಾಗಿ ಇಬ್ಬರು ಲೀಗ್ ಬಿಟ್ಟರು. ಇದು ಜಾತ್ರೆಯ ಲಾಟರಿ, ಆಟ ಅಲ್ಲ. ಈಗ ನಮ್ಮಲ್ಲಿ ಇಂಜುರಿಯೇ ಇಲ್ಲ. ಲೀಗ್ ಚೆನ್ನಾಗಿ ನಡೀತಾ ಇದೆ.

ನವನಗರ, ಬಾಗಲಕೋಟೆ:
ಹಾಗಾದರೆ ಕ್ಯಾಲ್ ರಿಪ್ಕನ್‌ಗೆ ಏನು ಬೆಲೆ ರೀ? 1982ರಿಂದ 1998ರವರೆಗೆ ಒಂದೂ ಬಿಡದೆ 2,632 ಪಂದ್ಯ ಆಡಿದವನು. ನಾನು 1991ರ ರಿಪ್ಕನ್ ತಗೊಂಡೆ. ಬ್ಯಾಟಿಂಗ್ ಸರಾಸರಿ .323 (ಸಾವಿರ ಸಲಕ್ಕೆ 323 ಹಿಟ್), 34 ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ), 162ಕ್ಕೆ 162 ಪಂದ್ಯ. ಡ್ರಾಫ್ಟ್ ದಿನ ಎಲ್ಲರೂ ನಕ್ಕರು. ಅವರೆಲ್ಲ 1980ರ ಜಾರ್ಜ್ ಬ್ರೆಟ್ ಬೇಕು ಅಂತ ಬಿದ್ದಿದ್ದರು. ಬ್ರೆಟ್ .390 ಹೊಡೆದಿದ್ದು ನಿಜ, ಆದರೆ ಆ ವರ್ಷ ಆಡಿದ್ದು ಬರೀ 117 ಪಂದ್ಯ. ನಿಮ್ಮ ಲೀಗ್‌ನಲ್ಲಿ ಅದೇ ಬ್ರೆಟ್ ಪೂರ್ತಿ 162 ಆಡುತ್ತಾನೆ. ಉಳಿದ 45 ಪಂದ್ಯ ಅವನಿಗೆ ಪುಕ್ಕಟೆ ಸಿಕ್ಕ ಹಾಗಲ್ವಾ? ನಮ್ಮಲ್ಲಿ ಇಂಜುರಿ ಆನ್ ಇತ್ತು. ಜುಲೈ ಬರುವಷ್ಟರಲ್ಲಿ ಅವರ ಬೆಂಚ್ ಖಾಲಿ, ನನ್ನ ಶಾರ್ಟ್‌ಸ್ಟಾಪ್ ರಿಪ್ಕನ್ ದಿನಾ ಮೈದಾನದಲ್ಲಿ. ಕಪ್ ಇನ್ನೂ ನಮ್ಮ ಅಂಗಡಿ ಕಪಾಟಿನಲ್ಲಿದೆ.

ಗುಮ್ಮಟನಗರಿ:
ಕಪ್ ಕಥೆ ಯಾರು ಕೇಳಿದರು? ಎದುರಾಳಿಯ ಆಟಗಾರ ಬಿದ್ದಿದ್ದರಿಂದ ಗೆದ್ದಿದ್ದೀರಿ. ಅದನ್ನು ಜಾಣತನ ಅಂತ ಹೇಳಬೇಡಿ.

ಟಿಳಕವಾಡಿ, ಬೆಳಗಾವಿ:
ಇಬ್ಬರೂ ಕೋಫ್ಯಾಕ್ಸ್ ಬಿಟ್ಟೇಬಿಟ್ಟಿರಿ. ನಮ್ಮದು ವರ್ಷದಿಂದ ವರ್ಷಕ್ಕೆ ಆಟಗಾರನಿಗೆ ವಯಸ್ಸಾಗುವ ಲೀಗ್. ನಾವು ಬಳಸುವ ಪ್ರೋಗ್ರಾಮ್ ಎಷ್ಟು ಆಡಿದ್ದಾನೆ ಅನ್ನುವುದನ್ನು ನೋಡಿ ಗಾಯದ ರೇಟಿಂಗ್ ಕೊಡುತ್ತದೆ. 1966ರಲ್ಲಿ ಕೋಫ್ಯಾಕ್ಸ್ 323 ಇನ್ನಿಂಗ್ಸ್ ಎಸೆದ, 27 ಗೆದ್ದ, ಇಆರ್‌ಎ 1.73. ಹಾಗಾಗಿ ಪ್ರೋಗ್ರಾಮ್ ಅವನನ್ನು ಗಟ್ಟಿ ಆಸಾಮಿ ಅಂದುಕೊಂಡಿತು. ನಿಜದಲ್ಲಿ ಎಡ ಮೊಣಕೈಯಲ್ಲಿ ಸಂಧಿವಾತ. ಇಂಜೆಕ್ಷನ್ ತಗೊಂಡು, ಪಂದ್ಯ ಮುಗಿದ ಮೇಲೆ ಕೈ ಐಸ್‌ನಲ್ಲಿ ಇಟ್ಟುಕೊಂಡು ಆಡಿದ. 30ಕ್ಕೇ ನಿವೃತ್ತಿ. ಒಟ್ಟು ಗೆಲುವು 165. ನಮ್ಮ ಲೀಗ್‌ನಲ್ಲಿ ಅವನು 40ರವರೆಗೆ ಆಡಿ 300 ದಾಟಿದ! ನಮ್ಮ ದಾಖಲೆ ಪಟ್ಟಿಯೇ ಕೆಟ್ಟುಹೋಯ್ತು. ಆ ದಾಖಲೆ ತೆಗೆಯಬೇಕು ಅಂತ ನಾನು ಜಗಳ ಮಾಡಿದೆ. ಯಾರೂ ಕೇಳಲಿಲ್ಲ. ನೋವಿನಲ್ಲೂ ಹಾಗೆ ಎಸೆದ ಅನ್ನುವುದೇ ಅವನ ದೊಡ್ಡತನ. ನೋವು ತೆಗೆದರೆ ಅವನು ಕೋಫ್ಯಾಕ್ಸ್ ಅಲ್ಲ. ನಮ್ಮ ಕುಂಬ್ಳೆಯವರನ್ನೇ ನೋಡಿ. 2002ರಲ್ಲಿ ಆ್ಯಂಟಿಗಾದಲ್ಲಿ ದವಡೆ ಮುರಿದಿತ್ತು. ಬ್ಯಾಂಡೇಜ್ ಕಟ್ಟಿಕೊಂಡು 14 ಓವರ್ ಹಾಕಿದರು, ಲಾರಾ ವಿಕೆಟ್ ತೆಗೆದರು.

ಜಮಖಂಡಿ ದಾಳ:
ಕುಂಬ್ಳೆ ಮೇಲೆ ನಮಗೂ ಅಭಿಮಾನ ಇದೆ ಅಣ್ಣಾ, ಆದರೆ ಮರುದಿನವೇ ಆಪರೇಷನ್‌ಗೆ ಬೆಂಗಳೂರಿಗೆ ಹೊರಟರು. ಇಂಜುರಿ ರೂಲ್ ಅಂದರೆ ಅದೇ ಅಲ್ವಾ? ನಾನು ಕಂಪ್ಯೂಟರ್ ಇಲ್ಲದೆ, ಆಟಗಾರರ ಕಾರ್ಡ್ ಮತ್ತು ದಾಳದಲ್ಲಿ ಈ ಆಟ ಆಡುವವ. ಅಮೆರಿಕದಿಂದ ಸೆಟ್ ತರಿಸಿದೆ. ಸೆಟ್‌ಗಿಂತ ಸಾಗಣೆ ಖರ್ಚೇ ಜಾಸ್ತಿ, ಮೇಲೆ ಸುಂಕ 2,140 ರೂಪಾಯಿ. ಪೆಟ್ಟಿಗೆ ಮಳೆಯಲ್ಲಿ ನೆಂದು ಬಂತು. ಎರಡು ತಂಡದ ಕಾರ್ಡ್ ಒಂದಕ್ಕೊಂದು ಅಂಟಿದ್ದವು. ಒಂದೊಂದೇ ಬಿಡಿಸಿ, ಫ್ಯಾನ್ ಕೆಳಗೆ ಒಣಗಿಸಿ, ಹರಿದದ್ದಕ್ಕೆ ಹಿಂದಿನಿಂದ ಕಾಗದ ಅಂಟಿಸಿದೆ. ಕೊರಿಯರ್‌ನವರು ಒಂದು ಪೈಸೆ ಕೊಡಲಿಲ್ಲ. ಆ ಸೆಟ್‌ನಲ್ಲಿ ಉಳಿದದ್ದು ಪಿಚರ್ ನೋಲನ್ ರಯಾನ್. ನನ್ನ ಪ್ರಕಾರ ಅವನೇ ದೊಡ್ಡವ. 27 ಸೀಸನ್, 5,714 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), 46 ವಯಸ್ಸಿನವರೆಗೂ ಆಟ. ಆರೇಳು ವರ್ಷ ಮಿಂಚಿ ಹೋದವರನ್ನು ಅವನ ಪಕ್ಕ ಇಡಬೇಡಿ.

ಟಿಳಕವಾಡಿ:
ರಯಾನ್ 2,795 ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್) ಕೊಟ್ಟಿದ್ದನ್ನೂ ಬರೀರಿ. 292 ಸೋಲನ್ನೂ ಬರೀರಿ. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಒಂದೂ ಇಲ್ಲ. ಕೋಫ್ಯಾಕ್ಸ್‌ಗೆ ಮೂರು.

ಜಮಖಂಡಿ ದಾಳ:
ಸೋತ ತಂಡಗಳಲ್ಲಿ ಆಡಿದ್ದು ಅವನ ತಪ್ಪಾ? ಕೋಫ್ಯಾಕ್ಸ್ ಕಾಲದಲ್ಲಿ ಪಿಚರ್ ನಿಂತು ಎಸೆಯುವ ದಿಬ್ಬ 15 ಇಂಚು ಇತ್ತು, ಎತ್ತರ ಇದ್ದಷ್ಟು ಪಿಚರ್‌ಗೆ ಲಾಭ. 1969ರಲ್ಲಿ 10ಕ್ಕೆ ಇಳಿಸಿದರು. ರಯಾನ್ ಹೆಚ್ಚುಕಡಿಮೆ ಪೂರ್ತಿ ಆಡಿದ್ದು ತಗ್ಗು ದಿಬ್ಬದಲ್ಲಿ. ಅದನ್ನು ಲೆಕ್ಕಕ್ಕೆ ಹಿಡೀರಿ, ಆಮೇಲೆ ಮಾತಾಡಿ.

ಶಹಾಪುರದವ:
ದಿಬ್ಬದ ವಿಷಯ ಇರಲಿ. ನಿಜವಾಗಿ ಎಷ್ಟು ಪಂದ್ಯ ಆಡಿದ್ದಾನೋ ಅಷ್ಟೇ ಆಡಿಸಬೇಕು, ಬೇರೆ ಇಂಜುರಿ ಬೇಡ ಅಂತ ರೂಲ್ ಹಾಕಿದರೆ ಹೇಗೆ?

ಗುಮ್ಮಟನಗರಿ:
ಅದು ನ್ಯಾಯ. ಬ್ರೆಟ್‌ಗೆ 117. ನನ್ನ ಪೆಡ್ರೊಗೆ 217 ಇನ್ನಿಂಗ್ಸ್. ಆದರೆ ಪ್ಲೇಆಫ್‌ಗೆ ಮಿತಿ ಇಡಬೇಡಿ.

ನವನಗರ:
ಯಾಕೆ ಇಡಬಾರದು? ಹಾಗಾದರೆ ಎಲ್ಲರೂ ಬ್ರೆಟ್‌ನನ್ನು ಅಕ್ಟೋಬರ್‌ನ ಪ್ಲೇಆಫ್‌ಗೆ ಉಳಿಸಿಕೊಳ್ಳುತ್ತಾರೆ. ರಿಪ್ಕನ್ ಏಪ್ರಿಲ್‌ನಿಂದ ದುಡಿದದ್ದು ದಂಡ.

ಗುಮ್ಮಟನಗರಿ:
ಬ್ರೆಟ್ ಆ ಅಕ್ಟೋಬರ್‌ನಲ್ಲಿ ಆಡಿದ್ದಾನೆ ಸ್ವಾಮಿ. 1980ರ ವರ್ಲ್ಡ್ ಸೀರೀಸ್ (ಫೈನಲ್ ಸರಣಿ) ಎರಡನೇ ಪಂದ್ಯದಲ್ಲಿ ಮೂಲವ್ಯಾಧಿ ನೋವಿಗೆ ಮೈದಾನ ಬಿಟ್ಟ. ಬಿಡುವಿನ ದಿನ ಸಣ್ಣ ಆಪರೇಷನ್ ಮಾಡಿಸಿಕೊಂಡು, ಮೂರನೇ ಪಂದ್ಯಕ್ಕೆ ಬಂದು ಹೋಮ್ ರನ್ ಹೊಡೆದ. ನಿಮ್ಮ ಇಂಜುರಿ ಪಟ್ಟಿ ಅವನನ್ನು ಸೀರೀಸ್ ಪೂರ್ತಿ ಹೊರಗೆ ಕೂರಿಸುತ್ತಿತ್ತು.

ನವನಗರ:
ಕೂರಿಸಲಿ. ರಿಪ್ಕನ್ ಒಂದು ದಿನವೂ ಕೂರಲಿಲ್ಲ.